ಗುಡಗೇರಿಯ ಹೊಲಿಗೆ

“ಹರದ ಬಿಡ್ತಲೇ! ನೋಡಿಲ್ಲೆ, ಆ ಹುಡುಗಿ ಹೆಂಗ ಜಗ್ಗಿದ್ಲು ನೋಡು. ಅಷ್ಟ ದೊಡ್ಡ ಹಾಯಿ, ಹಳೇ ಧೋತರ ಹರದಂಗ ಪರ್ ಅಂತ ಹರದ ಬಿಡ್ತು!”

ಹಮಾಲ ಯಲ್ಲಪ್ಪ ಮೊಬೈಲನ್ನು ಅಂಗೈ ಮೇಲೆ ಪ್ರಸಾದದ ತಟ್ಟೆಯಂತೆ ಹಿಡಿದು ಒಬ್ಬೊಬ್ಬರಿಗೂ ತೋರಿಸುತ್ತ ಬರುತ್ತಿದ್ದ. ಅವತ್ತು ಗುಡಗೇರಿ ಸಂತೆ. ಅಡತಿ ಅಂಗಡಿಯ ಕಟ್ಟೆ ಮೇಲೆ ಹೆಸರುಕಾಳಿನ ಚೀಲಗಳು ಸಾಲಾಗಿ ಬಾಯಿ ತೆರೆದು ನಿಂತಿದ್ದವು. ಆ ಸಾಲಿನ ತುದಿಯಲ್ಲಿ ದಬ್ಬಣ, ಸುತಳಿ ಹಿಡಿದು ಅವುಗಳ ಬಾಯಿ ಹೊಲಿಯುತ್ತ ಕೂತವನು ನಾನು.

“ಅಲ್ಲಲೇ, ಭೀಮಶಿ ಅದ ಹಡಗಿನ್ಯಾಗ ಇದ್ದಾ. ಅವನ್ನ ಕೇಳ್ರಿ. ಏನೋ ಭೀಮಶಿ, ಯಾ ಊರಾಕಿ ಆಕಿ?”

“ದುಮ್ಮವಾಡದಾಕಿ,” ಎಂದೆ. ಚೀಲದಿಂದ ತಲೆ ಎತ್ತಲಿಲ್ಲ.

“ಭತ್ತದ ಸೀಮ್ಯಾಕಿ! ಹಂಗಾರ ಅನ್ನಾ ಉಂಡ ಕೈ! ನಮ್ಮ ಕಡೆ ಬಿಳಿಜ್ವಾಳದ ರೊಟ್ಟಿ ತಿಂದಿದ್ರ ಹಡಗನ್ನ ದಂಡಿಗೆ ಜಗ್ಗಿ ತರತಿದ್ಲು ನೋಡು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ನಕ್ಕದ್ದು ನಿಜ.

ನನ್ನ ಬಾಜೂಕೆ ಹೊಳಬಸಪ್ಪ ಮುತ್ಯಾ ಕೂತಿದ್ದ. ನನಗೆ ದಬ್ಬಣ ಹಿಡಿಯಲು ಕಲಿಸಿದವನು ಅವನೇ. ಈಗ ಎಪ್ಪತ್ತೈದು ದಾಟಿದೆ, ಕೈ ನಡುಗುತ್ತದೆ, ಹೊಲಿಯುವುದಿಲ್ಲ. ಹೊಲಿಯುವವರನ್ನು ಬೈಯಲು ಮಾತ್ರ ಸಂತೆಗೆ ಬರುತ್ತಾನೆ. “ಇತ್ತ ತಾರೋ,” ಎಂದು ಯಲ್ಲಪ್ಪನ ಕೈಯಿಂದ ಮೊಬೈಲು ಕಿತ್ತುಕೊಂಡ.

“ಮುತ್ಯಾ, ಅದು ಹಡಗು. ನಿನಗೇನ ತಿಳೀತೈತಿ?”

“ಹಡಗ ತಿಳಿಯೂದಿಲ್ಲಪಾ. ತೋರ್ಸು, ಇನ್ನೊಮ್ಮಿ ಹಚ್ಚು.”

ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಎರಡು ಸಲ ನೋಡಿದ. ಮೂರನೇ ಸಲ ನೋಡುವಾಗ ಅವನ ತುಟಿ ಅಲುಗಿದವು, ಏನನ್ನೋ ಎಣಿಸುವವನಂತೆ. ಮೊಬೈಲನ್ನು ತಿರುಗಿ ಕೊಟ್ಟ. ಯಲ್ಲಪ್ಪ ಚಹದಂಗಡಿಯ ಕಡೆ ಹೋಗುವುದನ್ನೇ ಕಾದ. ಆಮೇಲೆ ನನ್ನ ಮುಖ ನೋಡದೆ, ನಾನು ಹೊಲಿಯುತ್ತಿದ್ದ ಚೀಲವನ್ನೇ ನೋಡುತ್ತ ಅಂದ:

“ಅದು ಹರದಿಲ್ಲ, ಭೀಮಶಿ. ಬಿಚ್ಚೇತಿ.”

ದಬ್ಬಣ ನನ್ನ ಹೆಬ್ಬೆರಳಿಗೆ ಚುಚ್ಚಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೀಲ ಹೊಲಿಯುವುದರಲ್ಲಿ ನಮ್ಮ ಗುಡಗೇರಿಯ ಕೈ ಬೇರೆ. ಸುತಳಿಯ ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ ತೂರಿಸುತ್ತ ಸರಪಳಿಯ ಹಾಗೆ ಎಳೆದುಕೊಂಡು ಹೋಗುತ್ತೇವೆ. ತುದಿಗೆ ಗಂಟು ಹಾಕುವುದಿಲ್ಲ, ಒಂದು ಜಾರುಕುಣಿಕೆ ಬಿಟ್ಟು ಬಾಲ ಇಳಿಬಿಡುತ್ತೇವೆ. ಲಾರಿಯಲ್ಲಿ ಎಷ್ಟು ಕುಲುಕಿದರೂ ಒಂದು ಕಾಳು ಉದುರುವುದಿಲ್ಲ. ಆದರೆ ಆಚೆ ಊರಿನ ಹಮಾಲ ಬಾಲ ಹಿಡಿದು ಒಮ್ಮೆ ಎಳೆದನೆಂದರೆ ಈ ಮೂಲೆಯ ಕಿವಿಯಿಂದ ಆ ಮೂಲೆಯ ಕಿವಿಯವರೆಗೆ ಚೀಲದ ಬಾಯಿ ಸರ್ರನೆ ತೆರೆದುಕೊಳ್ಳಬೇಕು, ಸುತಳಿ ತುಂಡಾಗದೆ ಇಡಿಯಾಗಿ ಅವನ ಕೈಗೆ ಬರಬೇಕು. “ಹಿಡಿಯೂ ಹೊಲಿಗಿ ಯಾಂವ ಬೇಕಾದಾಂವ ಹಾಕ್ತಾನ. ಬಿಚ್ಚೂ ಹೊಲಿಗಿ ಹಾಕಾಂವ ಖರೇ ಕೆಲಸಗಾರ,” ಅಂತ ಮುತ್ಯಾ ನನಗೆ ಹೇಳಿಕೊಟ್ಟ ಮೊದಲ ಪಾಠ.

ಇಂಥವನು ಹಡಗಿಗೆ ಹೋದದ್ದು ಹೇಗೆ ಅನ್ನುತ್ತೀರಿ. ನಾಲ್ಕು ವರ್ಷದ ಹಿಂದೆ ಮೆಣಸಿನಕಾಯಿ ಲಾರಿಯ ಜೊತೆ ಕಾರವಾರಕ್ಕೆ ಹೋಗಿದ್ದೆ. ಘಟ್ಟದಲ್ಲಿ ತಾಡಪತ್ರಿ ಹರಿದಿತ್ತು. ಬಂದರಿನ ಬದಿಯಲ್ಲಿ ಕೂತು ಅದನ್ನು ಹೊಲಿಯುತ್ತಿದ್ದೆ. ಹಿಂದೆ ಯಾರೋ ಬಹಳ ಹೊತ್ತು ನಿಂತು ನೋಡುತ್ತಿದ್ದರು. “ಹಾಯಿ ಹೊಲಿಯಲು ಬರ್ತೀಯಾ?” ಎಂದರು. ಅವರೇ ‘ನೀಲಾಂಬರಿ’ಯ ಕ್ಯಾಪ್ಟನ್ ಸಾಹೇಬರು, ಮಂಗಳೂರು ಕಡೆಯವರು. ನೀಲಾಂಬರಿ ಮೂರು ಕಂಬದ ಹಾಯಿಹಡಗು. ಹುಡುಗ ಹುಡುಗಿಯರಿಗೆ ಒಂದು ವರ್ಷ ಸಮುದ್ರದ ಕೆಲಸ ಕಲಿಸಿ ಸರ್ಟಿಫಿಕೇಟ್ ಕೊಡುತ್ತಾರೆ, ಅದರ ಮೇಲೆ ದೊಡ್ಡ ಹಡಗುಗಳಲ್ಲಿ ನೌಕರಿ ಸಿಗುತ್ತದೆ. ನೀರು ಅಂದರೆ ನನಗೆ ಕೆರೆ ನೀರು. ಆದರೂ ಹೋದೆ.

ಹಾಯಿಯ ಹೊಲಿಗೆ ಚೀಲದ ಹೊಲಿಗೆಗೆ ಪೂರಾ ತಿರುಗುಮುರುಗು. ಮೇಣ ಹಚ್ಚಿದ ದಾರ, ಒತ್ತೊತ್ತಾಗಿ ಸಣ್ಣ ಟಾಕಿ, ಬಿಡಿ ಬಿಡಿ ಹೊಲಿಗೆ. ಒಂದು ಹೋದರೂ ಪಕ್ಕದ್ದು ಹಿಡಿದು ನಿಲ್ಲಬೇಕು. ಮೊದಲ ಆರು ತಿಂಗಳು ನನ್ನ ಕೈ ತಾನಾಗಿಯೇ ಗುಡಗೇರಿಗೆ ಓಡುತ್ತಿತ್ತು. ಕ್ಯಾಪ್ಟನ್ ಸಾಹೇಬರು ಪಕ್ಕದಲ್ಲಿ ಕೂತು ಬಿಚ್ಚಿಸಿ ಬಿಚ್ಚಿಸಿ ಹೊಲಿಸಿದರು. ಆಮೇಲೆ ನೋಡುವುದನ್ನೇ ಬಿಟ್ಟರು. ಅಷ್ಟು ನಂಬಿಕೆ.

ಈ ವರ್ಷ ನೀಲಾಂಬರಿಗೆ ಹಾಲೆಂಡಿನ ಕಡೆಯ ಒಂದು ಬಂದರಿನಿಂದ ಕರೆ ಬಂತು. ಹಾಯಿಹಡಗುಗಳ ಉತ್ಸವ. ಆ ಊರಿನ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ನಾಲ್ಕು ತಿಂಗಳು ನೀರಿನ ಮೇಲೆ ಹೋದೆವು. ಒಳಗೆ ಹೋಗುವಾಗ ನೋಡಬೇಕಿತ್ತು ನೀವು: ನಲವತ್ತು ಹಡಗು, ನಡು ಬೇಸಿಗೆಯ ಬೋಳು ಗಿಡಗಳ ತೋಪು ನೀರಿನ ಮೇಲೆ ನಿಂತ ಹಾಗೆ ಬರೀ ಕಂಬಗಳು. ನಾಲ್ಕು ದಿನ ಹಡಗುಗಳನ್ನು ಜನರಿಗೆ ತೆರೆದಿಟ್ಟಿದ್ದರು. ಮುದುಕಿಯರು ಹಗ್ಗ ಮುಟ್ಟಿ ನೋಡುವುದೇನು, ಮಕ್ಕಳು ಚಕ್ರ ತಿರುಗಿಸುವುದೇನು. ದುಮ್ಮವಾಡದ ಮಲ್ಲಿಕಾ, ಕಲಘಟಗಿ ಕಾಲೇಜಿನಿಂದ ಆಯ್ಕೆಯಾಗಿ ಬಂದಿದ್ದ ಇಪ್ಪತ್ತೊಂದರ ಹುಡುಗಿ, ಅವರಿಗೆಲ್ಲ ಗಂಟು ಹಾಕುವುದನ್ನು ಕಲಿಸುತ್ತಿದ್ದಳು. ಹೊತ್ತು ಸಿಕ್ಕಾಗ ನನ್ನ ಬಳಿ ಬಂದು ಕೂತು, “ಕಾಕಾ, ಪುಂಡಿಪಲ್ಯ ನೆನಪಾಗಾಕತ್ತೈತ್ರಿ,” ಎನ್ನುತ್ತಿದ್ದಳು. ಇಡೀ ಹಡಗಿನಲ್ಲಿ ನಮ್ಮ ಕಡೆಯ ಮಾತು ಆಡುವವರು ನಾವಿಬ್ಬರೇ.

ಮೂರನೇ ದಿನ ಮಧ್ಯಾಹ್ನ ಮುಂದಿನ ಕಂಬದ ದೊಡ್ಡ ಹಾಯಿಯಲ್ಲಿ ಒಂದು ಮಾರು ಹೊಲಿಗೆ ಸವೆದದ್ದು ಕಂಡಿತು. ಮರುದಿನ ಹಡಗುಗಳೆಲ್ಲ ಹಾಯಿ ಬಿಚ್ಚಿ ಸಾಲಾಗಿ ಹೋಗುವ ಮೆರವಣಿಗೆ. “ಸಂಜೆಯೊಳಗೆ ಮುಗಿಸು,” ಎಂದರು ಸಾಹೇಬರು. ಹಾಯಿ ಹರವಿಕೊಂಡು ಕೂತೆ. ಜನ ಮುತ್ತಿದರು. ಪಕ್ಕದ ಹಡಗಿನ ಹಾಯಿ ಹೊಲಿಯುವವನು, ಬಿಳಿಗಡ್ಡದ ಮುದುಕ, ತನ್ನ ತುಂಡು ಬಟ್ಟೆ ತಂದು ಎದುರಿಗೆ ಕೂತ. ಯಾರೋ ಚಪ್ಪಾಳೆ ಹಾಕಿದರು; ಪಂದ್ಯವಾಗಿ ಹೋಯಿತು. ಒಂದು ಮಾರು ಯಾರು ಮೊದಲು?

ಮುದುಕನ ಕೈ ಚುರುಕು. ಅರ್ಧಕ್ಕೆ ಅವನು ನನ್ನನ್ನು ದಾಟಿದ್ದ. ಸುತ್ತ ಇನ್ನೂರು ಕಣ್ಣು. ಆಗ ನನ್ನ ಕೈ ಗುಡಗೇರಿಗೆ ಓಡಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೈ ತಾನಾಗಿ ಓಡಲಿಲ್ಲ, ನಾನೇ ಅಟ್ಟಿದೆ. ಹಾಕಿದ್ದ ಅರ್ಧವನ್ನೂ ಕಿತ್ತು, ಈ ತುದಿಯಿಂದ ಆ ತುದಿಯವರೆಗೆ ಸರಪಳಿ ಹೊಲಿಗೆ ಹಾಕಿಕೊಂಡು ಹೋದೆ. ನಿಮಿಷಕ್ಕೆ ಒಂದು ಚೀಲ ಹೊಲಿದ ಕೈ ಅದು. ನಾನು ಬಾಲ ಇಳಿಬಿಟ್ಟು ಕೈ ಎತ್ತಿದಾಗ ಮುದುಕನ ಬಟ್ಟೆಯಲ್ಲಿ ಇನ್ನೂ ಒಂದು ಗೇಣು ಬಾಕಿ ಇತ್ತು. ಅವನು ನಗುತ್ತ ತನ್ನ ಟೊಪ್ಪಿಗೆ ತೆಗೆದು ನನ್ನ ತಲೆಗಿಟ್ಟ. ಜನ ಫೋಟೋ ಹಿಡಿದರು. ಅಷ್ಟರಲ್ಲಿ ಹಡಗಿನವರೆಲ್ಲ ಬೀದಿಯಲ್ಲಿ ನಡೆಯುವ ಮೆರವಣಿಗೆಗೆ ಕರೆ ಬಂತು; ಬ್ಯಾಂಡಿನ ಹಿಂದೆ ಆ ಟೊಪ್ಪಿಗೆ ಹಾಕಿಕೊಂಡೇ ಊರೆಲ್ಲ ತಿರುಗಿದೆ. ಬಂದು ಬಿಚ್ಚಿ ಸರಿಯಾಗಿ ಹೊಲಿಯೋಣ ಅಂದುಕೊಂಡಿದ್ದೆ. ತಿರುಗಿ ಬಂದಾಗ ಹಾಯಿ ಮೇಲಕ್ಕೆ ಹೋಗಿತ್ತು.

ಹೇಳಬಹುದಿತ್ತು. ಇಳಿಸ್ರಿ ಸರ್, ಅದು ಚೀಲದ ಹೊಲಿಗಿ ಅಂತ. ಗೆದ್ದ ಟೊಪ್ಪಿಗೆ ತಲೆ ಮೇಲಿತ್ತು. ಒಂದು ದಿನದ ಮಾತು, ಹಿಡಿದೀತು ಅಂದುಕೊಂಡೆ.

ಮರುದಿನ ಎರಡೂ ದಂಡೆಗೆ ಕಣ್ಣು ಹರಿಯುವಷ್ಟು ಜನ. ನೀಲಾಂಬರಿಯ ಸರದಿ ಬಂತು. ಮುಂದಿನ ಹಾಯಿಯ ಕೆಳಮೂಲೆಯ ಹಗ್ಗ ಹಿಡಿದವಳು ಮಲ್ಲಿಕಾ. ಅಪ್ಪಣೆ ಬಂದಂತೆ ಜಗ್ಗಿದಳು. ಜಾರುಕುಣಿಕೆಯ ಬಾಲ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದುದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಕುಣಿಕೆ ಜಾರಿತು, ಆಮೇಲೆ ಸರ್ರ್. ಈ ಕಿವಿಯಿಂದ ಆ ಕಿವಿಗೆ. ದಾರ ಇಡಿಯಾಗಿ ಕಳಚಿ ಹಾರಿ ನೀರಿಗೆ ಬಿತ್ತು, ಹಾಯಿ ಬಾಯಿ ತೆರೆದು ಬಡಿದುಕೊಂಡು ಮೇಲಿನ ಬಟ್ಟೆಯೂ ಒಂದಿಷ್ಟು ಸೀಳಿತು. ದಂಡೆಯ ಜನ ‘ಓ’ ಎಂದರು. ಲಕ್ಷ ಜನ ಒಟ್ಟಿಗೆ ‘ಓ’ ಅಂದರೆ ಹೇಗಿರುತ್ತದೆ ಅಂತ ನನಗೆ ಗೊತ್ತು.

ಸಾಹೇಬರು ಚಕ್ರದ ಬಳಿಯಿಂದ ಓಡಿ ಬಂದರು. ಮಲ್ಲಿಕಾಗೆ ಏನೂ ಅನ್ನಲಿಲ್ಲ, ಮೊದಲು ನನ್ನನ್ನೇ ಕೇಳಿದರು. “ಭೀಮಶಿ, ಹೊಲಿಗೆ ಸರಿ ಇತ್ತಲ್ಲ?”

“ಸರಿ ಇತ್ರಿ ಸರ್.”

ಅಷ್ಟೇ. ಹೊಲಿಗೆ ಸರಿ ಇದ್ದರೆ ತಪ್ಪು ಹಗ್ಗ ಹಿಡಿದವಳದು. ಗಾಳಿ ನೋಡದೆ ಎಳೆದಳು ಅಂತಾಯಿತು. ಸಂಜೆ ಆ ಹಾಯಿಯನ್ನು ನನಗೇ ಕೊಟ್ಟರು. ಮೇಣದ ದಾರ, ಒತ್ತೊತ್ತು ಟಾಕಿ. ನನ್ನ ತಪ್ಪಿನ ಗುರುತನ್ನು ನನ್ನ ಕೈಯಾರೆ ಹೊಲಿದು ಮುಚ್ಚಿದೆ. ಹೊಲಿಯುವಾಗ ಮಲ್ಲಿಕಾ ಬಂದು ನಿಂತಳು, ಕಣ್ಣು ಬಾತಿದ್ದವು. “ಕಾಕಾ, ನಿಮ್ಮ ಹಾಯಿ ಕೆಡಿಸಿಬಿಟ್ನಿರಿ. ಸಿಟ್ಟಾಗಬ್ಯಾಡ್ರಿ.”

“ಇರ್ಲಿ ಬಿಡವಾ,” ಎಂದೆ ನಾನು. “ಆಗತೈತಿ.”

ಅವಳನ್ನು ನಾನು ಕ್ಷಮಿಸಿದೆ! ಬೇರೆಯವರು ಹಡಗನ್ನು ವಾಪಸು ತರಲು ಬಂದರು. ನಾವು ಅರ್ಧ ಜನ ವಿಮಾನದಲ್ಲಿ ಮನೆಗೆ ಬಂದೆವು; ಹಡಗು ಬರುವವರೆಗೆ ನಾನು ಮತ್ತೆ ಸಂತೆಯ ಚೀಲ ಹೊಲಿಯಲು ಕೂತೆ. ಮಲ್ಲಿಕಾಳ ಸರ್ಟಿಫಿಕೇಟ್ ತಡೆಹಿಡಿದಿದ್ದರು. ಬರುವ ಸೋಮವಾರ ಹಡಗಿನವರ ಸಮಿತಿ ಕೂತು, ಅವಳನ್ನು ಇಟ್ಟುಕೊಳ್ಳುವುದೋ ಪೂರಾ ತೆಗೆಯುವುದೋ ಅಂತ ತೀರ್ಮಾನಿಸುವುದಿತ್ತು.

ಸಂತೆಯ ಕಟ್ಟೆ ಮೇಲೆ ಹೊಳಬಸಪ್ಪ ಮುತ್ಯಾನಿಗೆ ಇಷ್ಟನ್ನೂ ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡ.

“ನನ್ನ ಹೊಲಿಗಿ ಅಂತ ಹೆಂಗ ಗುರ್ತ ಹಿಡದಿ ಮುತ್ಯಾ?”

“ಹರಿಯೂ ಅರಿವಿ ಅಡ್ಡಾದಿಡ್ಡಿ ಹರೀತೈತಿ. ಇದು ಗೆರಿ ಕೊರದಂಗ ಹೋತು, ಅದೂ ಬಲಗಡಿಂದ ಎಡಕ್ಕ. ನೀ ಎಡಗೈಯಾಂವ. ಎಡಗಡೆ ಸುರು ಮಾಡಿ ಬಲಗಡೆ ಬಾಲಾ ಬಿಡಾಂವ ಈ ಸಂತ್ಯಾಗ ನೀ ಒಬ್ಬನ.” ಎಲೆ ಬಾಯಿಗಿಟ್ಟುಕೊಂಡ. “ನಾಳೆ ಕೆಲಸಕ್ಕ ಬರಬ್ಯಾಡ.”

“ಮುತ್ಯಾ...”

“ಬಿಚ್ಚೂದು ನಾ ಕಲಿಸೇನಿ. ಮುಚ್ಚೂದು ಎಲ್ಲಿ ಕಲ್ತಿಯೋ ಏನೋ. ದುಮ್ಮವಾಡಕ್ಕ ಹೋಗು.”

ಮರುದಿನ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ, ಅಲ್ಲಿಂದ ಇನ್ನೊಂದು ಬಸ್ಸು. ಎರಡು ಬಸ್ಸು ಬೇಕೆಂದೇ ತಪ್ಪಿಸಿಕೊಂಡೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. “ಹಡಗ ಹರದ ಹುಡುಗಿ ಮನೀನ? ಆ ಹುಣಸಿಗಿಡದ ಬಾಜೂಕ,” ಎಂದ ಅಂಗಡಿಯವನು. ಹಡಗ ಹರದ ಹುಡುಗಿ! ಊರು ಅವಳಿಗೆ ಆಗಲೇ ಹೆಸರಿಟ್ಟಿತ್ತು.

ಪಡಸಾಲೆಯಲ್ಲಿ ಅವಳ ಅಜ್ಜಿ ಹನಮವ್ವ ಗೋವಿನಜೋಳ ಹಸನು ಮಾಡುತ್ತಿದ್ದಳು. ಹೆಸರು ಹೇಳಿದ್ದೇ ತಡ, ಮೊರ ಬದಿಗಿಟ್ಟಳು.

“ಅಯ್ಯ, ಹಡಗಿನ ಕಾಕಾ ಏನ ನೀನು? ಬಾ ತಮ್ಮಾ, ಕುಂದ್ರು. ಆ ದೇಶದಾಗ ಒಬ್ಬಾಂವ ನಮ್ಮಾಂವ ಇದ್ದಾ, ನನಗ ಜಡ್ಡ ಬಂದಾಗ ಗಂಜಿ ಮಾಡಿ ಕೊಟ್ಟಾ ಅಂತ ದಿನಾ ಹೇಳತಿದ್ಲು. ಏ ಮಲ್ಲವ್ವಾ, ಯಾರ ಬಂದಾರ ನೋಡು!”

ಮಲ್ಲಿಕಾ ಒಳಗಿನಿಂದ ಬಂದಳು. ಸೊರಗಿದ್ದಳು. “ಬರ್ರಿ ಕಾಕಾ,” ಎಂದು ನೀರು ಕೊಟ್ಟು ಕಂಬಕ್ಕೆ ಒರಗಿ ಕೂತಳು. ಅಜ್ಜಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅರ್ಧ ರೊಟ್ಟಿ ತಿಂದು ತಟ್ಟೆ ಬದಿಗೆ ಸರಿಸಿದೆ.

“ನೀ ಅರ ಹೇಳು ತಮ್ಮಾ. ಬಂದಾಗಿಂದ ಎಮ್ಮಿ ಹಗ್ಗಾ ಸೈತ ಮುಟ್ಟವಲ್ಲಳು. ಹಿಡಿಯವಾ ಅಂದ್ರ ಕೈ ಹಿಂದ ಕಟ್ಕೊಂತಾಳ.”

“ಸುಮ್ನಿರಬೇ,” ಎಂದಳು ಮಲ್ಲಿಕಾ.

“ಯಾಕ ಸುಮ್ನಿರ್ಲಿ? ಹಿರ್ಯಾ ಬಂದಾನ, ಬುದ್ಧಿ ಹೇಳ್ಲಿ.” ಅಜ್ಜಿ ಗೋಡೆಯ ಬದಿಯ ತುಂಬಿದ ಚೀಲವನ್ನು ತೋರಿಸಿದಳು. “ಹಂಗ ಕೈ ತೊಳಕೊಂಡು ಇದರ ಬಾಯಿ ಒಂದೀಟ ಹೊಲದ ಕೊಡಪಾ. ನಾಳೆ ಗಾಡಿ ಬರತೈತಿ. ನಿನ್ನಂಥಾ ಕೈ ನಮ್ಮನಿಗೆ ಯಾವಾಗ ಬಂದೀತು?”

ಸುತಳಿ, ದಬ್ಬಣ ಕೈಗೆ ಬಂದವು. ಹೊಲಿದೆ. ಎಡದಿಂದ ಬಲಕ್ಕೆ, ಕುಣಿಕೆಯೊಳಗೆ ಕುಣಿಕೆ. ಮುಗಿಸಿ ಚೀಲವನ್ನು ಅಡ್ಡ ಕೆಡವಿದೆ. ಮಲ್ಲಿಕಾ ನನ್ನ ಕೈಯನ್ನೇ ನೋಡುತ್ತಿದ್ದಳು.

“ಕಾಕಾ, ಒಂದ ಮಾತ ಕೇಳ್ಲ್ಯಾ? ನಾ ಅವತ್ತ ಎಷ್ಟ ಜೋರ್ ಜಗ್ಗಿದ್ನಿ? ನನಗ ಅಷ್ಟ ಜೋರ್ ಅನಸಿದ್ದಿಲ್ಲ. ಮೊದಲ ಹಂಗ ಅಂತಿದ್ನಿ. ಈಗ ಎಲ್ಲಾರೂ ಅಂದು ಅಂದು, ಜಗ್ಗಿರಬೇಕು ಅನಸ್ತೈತ್ರಿ. ಕೈಗೆ ನೆನಪ ಉಳದಿಲ್ಲ.”

ಇಷ್ಟು ದಿನ ಅವಳ ನೌಕರಿಯನ್ನಷ್ಟೇ ಕಸಿದೆ ಅಂದುಕೊಂಡಿದ್ದೆ.

“ನೀ ಜೋರ್ ಜಗ್ಗಿಲ್ಲವಾ,” ಎಂದೆ. “ನಾ ತಪ್ಪ ಹೊಲದಿದ್ದೆ.”

ಪಂದ್ಯ, ಟೊಪ್ಪಿಗೆ, ಜಾರುಕುಣಿಕೆ, ಎಲ್ಲ ಹೇಳಿದೆ. ಹೇಳುವಾಗ ಅವಳನ್ನು ನೋಡಲಿಲ್ಲ; ಎಂಜಲ ತಟ್ಟೆಯನ್ನು ನೋಡಿದೆ. ಅಜ್ಜಿ ಮತ್ತೆ ಎತ್ತಿಕೊಂಡಿದ್ದ ಮೊರದ ಸಪ್ಪಳ ಯಾವಾಗಲೋ ನಿಂತಿತ್ತು.

“ನಿಮಗ ಅವತ್ತ ಗೊತ್ತಿತ್ತು,” ಎಂದಳು ಮಲ್ಲಿಕಾ.

“ಗೊತ್ತಿತ್ತು.”

“ನಾ ಬಂದು ತಪ್ಪಾತ್ರಿ ಅಂದಾಗೂ?”

“ಹೂಂ.”

“ಆಗತೈತಿ ಬಿಡವಾ ಅಂದ್ರಲ್ರಿ ನನಗ!”

ಅವಳು ಎದ್ದು ಒಳಗೆ ಹೋದಳು. ಅಳಲು ಹೋದಳು ಅಂದುಕೊಂಡೆ. ಮೊಬೈಲು ಹಿಡಿದು ಬಂದಳು, ನಂಬರು ಒತ್ತಿ ನನ್ನ ಮುಂದೆ ನೆಲದ ಮೇಲಿಟ್ಟಳು. ಗಂಟೆ ಹೋಗುತ್ತಿತ್ತು.

“ಹೇಳು ಮಲ್ಲಿಕಾ,” ಸಾಹೇಬರ ದನಿ.

“ಸರ್, ನಾನ್ರಿ. ಭೀಮಶಿ.”

ಎರಡನೇ ಸಲ ಹೇಳುವುದು ಸುಲಭ ಅನ್ನುತ್ತಾರಲ್ಲ, ಸುಳ್ಳು. ಆದರೂ ಕಡೆಯವರೆಗೆ ಹೇಳಿ ಮುಗಿಸಿದೆ.

“ನಾನು ಅವತ್ತು ಮೊದಲು ನಿನ್ನನ್ನೇ ಕೇಳಿದ್ದೆ, ಭೀಮಶಿ.”

“ಕೇಳಿದ್ರಿ ಸರ್.”

“ಮೂರು ವರ್ಷದಿಂದ ನಿನ್ನ ಹೊಲಿಗೆಯನ್ನು ನಾನು ತಿರುಗಿಸಿ ನೋಡಿದ್ದೇ ಇಲ್ಲ. ಇದನ್ನೆಲ್ಲ ಬರೆದು, ಸಹಿ ಮಾಡಿ ಇವತ್ತೇ ಕಳಿಸು. ನೀನು ಬರಬೇಡ, ಕಾಗದ ಬರಲಿ. ಫೋನು ಅವಳಿಗೆ ಕೊಡು.”

ಮಲ್ಲಿಕಾ ಮೊಬೈಲು ಕಿವಿಗಿಟ್ಟುಕೊಂಡು ಹಿತ್ತಿಲಿಗೆ ಹೋದಳು. ಪಡಸಾಲೆಯಲ್ಲಿ ನಾನೂ ಹನಮವ್ವನೂ ಉಳಿದೆವು. ಮುದುಕಿ ನನ್ನ ತಟ್ಟೆಯತ್ತ ನೋಡಿದಳು. ಅರ್ಧ ರೊಟ್ಟಿ ಹಾಗೇ ಇತ್ತು.

“ತಿನ್ನು,” ಎಂದಳು. “ನಮ್ಮನ್ಯಾಗ ಅನ್ನಾ ಚೆಲ್ಲೂದಿಲ್ಲ.”

ಈ ಸಲ ‘ತಮ್ಮಾ’ ಅನ್ನಲಿಲ್ಲ. ತಿಂದೆ.

ಮಲ್ಲಿಕಾ ತಿರುಗಿ ಬಂದಾಗ ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ.

“ಏನಂದ್ರವಾ ಸಾಹೇಬ್ರು?”

“ಸೋಮವಾರ ಕಾಗದಾ ಓದಿ ಹೇಳ್ತೇವಿ ಅಂದ್ರು.”

“ಮಲ್ಲಿಕಾ, ನಾ...”

“ನಾಕೂವರಿಗೆ ಬಸ್ ಐತ್ರಿ. ಅದು ತಪ್ಪಿದ್ರ ಆರಕ್ಕ.”

ಎದ್ದೆ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗೆ ಕಣ್ಣು ಹೋಯಿತು. ಮಲ್ಲಿಕಾ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬಲಗಡೆಯ ಕಿವಿಯ ಬಳಿ ಸುತಳಿಯ ಬಾಲವನ್ನು ಹುಡುಕಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಳು. ಎರಡೇ ಬೆರಳು. ಹೂವಿನ ಎಸಳು ಎಳೆಯುವಷ್ಟು ಹಗುರವಾಗಿ ಎಳೆದಳು. ಸರ್ರನೆ ಬಾಯಿ ತೆರೆದು ಗೋವಿನಜೋಳ ಅವಳ ಪಾದದ ಮೇಲೆ ಸುರಿಯಿತು. ಎಮ್ಮೆಯ ಕಾಲ ಬಳಿ ಕೆದರುತ್ತಿದ್ದ ಕೋಳಿಗಳು ನನ್ನನ್ನು ದಾಟಿಕೊಂಡು ಒಳಗೆ ಓಡಿದವು. ಅವಳು ಏಳಲಿಲ್ಲ. ಸುತಳಿ ಇಡಿಯಾಗಿ ಆ ಎರಡು ಬೆರಳಿನಲ್ಲಿ ತೂಗುತ್ತಿತ್ತು.